ಸುಯೆಝ್: ಫಿರಂಗಿಗಿಂತ ಮೊದಲು ಬಂದದ್ದು ಸಾಲಪತ್ರ

2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸುಯೆಝ್ ಕಾಲುವೆಗೆ ಅಡ್ಡಲಾಗಿ ಸಿಲುಕಿದಾಗ ಜಾಗತಿಕ ವ್ಯಾಪಾರವು ಆರು ದಿನಗಳ ಕಾಲ ತತ್ತರಿಸಿತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ನಡೆದಾಗ ಅನೇಕ ಹಡಗುಗಳು ಇಡೀ ಆಫ್ರಿಕವನ್ನು ಸುತ್ತಿಕೊಂಡು ಸಾಗಬೇಕಾಯಿತು. 193 ಕಿಲೋಮೀಟರ್‌ಗಳ ಈ ಜಲಮಾರ್ಗವು ವಿಶ್ವ ವಾಣಿಜ್ಯದ ಜೀವನಾಡಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಜೀವನಾಡಿಯಲ್ಲಿ ಹರಿದ ಬೆವರು ಯಾರದ್ದು?

ಕಾಲುವೆಯ ಕೀರ್ತಿಯೆಲ್ಲ ಫ್ರಾನ್ಸಿನ ಲೆಸೆಪ್ಸ್‌ಗೆ ಸಂದಿದೆ. 1859ರಲ್ಲಿ ಆರಂಭವಾದ ಕಾಮಗಾರಿಯ ಮೊದಲ ವರ್ಷಗಳಲ್ಲಿ ಮರಳನ್ನು ಅಗೆದವರು ಬಲವಂತವಾಗಿ ಎಳೆತರಲ್ಪಟ್ಟ ಈಜಿಪ್ಟಿನ ರೈತರು. ಆ ದುಡಿಮೆಯನ್ನು ನಿಲ್ಲಿಸಿ, ಕಂಪೆನಿಗೆ ಕೊಟ್ಟಿದ್ದ ಭೂಮಿಯನ್ನು ಮರಳಿ ಪಡೆಯಲು ಹೊರಟಾಗ, ಮಧ್ಯಸ್ಥಗಾರನಾದ ಮೂರನೆಯ ನೆಪೋಲಿಯನ್ 1864ರಲ್ಲಿ ತೀರ್ಪಿತ್ತನು: ಈಜಿಪ್ಟ್ ಕಂಪೆನಿಗೆ 8.4 ಕೋಟಿ ಫ್ರಾಂಕ್ ಪರಿಹಾರ ತೆರಬೇಕು! ದುಡಿದವನೇ ದಂಡ ಕಟ್ಟುವ ಈ ನ್ಯಾಯಕ್ಕೆ ಏನೆನ್ನಬೇಕು?

ಹಾಗೆಂದು ಎಲ್ಲ ದೋಷವನ್ನೂ ಪರಕೀಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಆತ್ಮವಂಚನೆಯಾದೀತು. 1869ರ ಉದ್ಘಾಟನೆಗೆ ಯುರೋಪಿನ ರಾಜಮನೆತನಗಳನ್ನು ಕರೆಸಿ ವೈಭವ ಮೆರೆದವನು ಈಜಿಪ್ಟಿನ ಆಡಳಿತಗಾರನಾದ ಖದೀವ್ ಇಸ್ಮಾಈಲ್. ಸಾಲದ ಮೇಲೆ ಸಾಲ ಮಾಡಿದ ಆತ 1875ರಲ್ಲಿ ಶೇ. 44ರಷ್ಟು ಷೇರುಗಳನ್ನು ಸುಮಾರು 40 ಲಕ್ಷ ಪೌಂಡ್‌ಗಳಿಗೆ ಬ್ರಿಟನ್‌ಗೆ ಮಾರಿದನು. 1880ರಲ್ಲಿ, ಲಾಭದಲ್ಲಿ ಈಜಿಪ್ಟಿಗೆ ಉಳಿದಿದ್ದ ಶೇ. 15ರ ಪಾಲೂ ಕೈಬಿಟ್ಟಿತು. 1882ರಲ್ಲಿ ಬ್ರಿಟಿಷ್ ಸೇನೆ ಬಂದಿಳಿಯಿತು. ಕಾಲುವೆಯು ಈಜಿಪ್ಟಿನ ಕೈತಪ್ಪಿದ್ದು ಯುದ್ಧಭೂಮಿಯಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ.

1956ರ ಜುಲೈ 26ರಂದು ನಾಸಿರ್ ಕಂಪೆನಿಯನ್ನು ರಾಷ್ಟ್ರೀಕರಿಸಿದಾಗ ಪಾಶ್ಚಾತ್ಯ ರಾಜಧಾನಿಗಳು ಅದನ್ನು ದರೋಡೆಯೆಂದವು. ಷೇರುದಾರರಿಗೆ ಪರಿಹಾರ ನೀಡುವುದಾಗಿ ಸಾರಿದ್ದನ್ನು ಅವು ಕೇಳಿಸಿಕೊಳ್ಳಲಿಲ್ಲ. ಈಜಿಪ್ಟಿನವರಿಗೆ ಕಾಲುವೆ ನಡೆಸುವ ಸಾಮರ್ಥ್ಯವಿಲ್ಲವೆಂದು ಗೇಲಿ ಮಾಡಲಾಯಿತು. ಸೆಪ್ಟೆಂಬರ್‌ನಲ್ಲಿ ವಿದೇಶೀ ಪೈಲಟ್‌ಗಳು ಕೆಲಸ ಬಿಟ್ಟು ಹೋದರೂ ಹಡಗುಗಳು ನಿಲ್ಲಲಿಲ್ಲ. ಗೇಲಿ ಸೋತ ಮೇಲೆ ಬಂದದ್ದು ಬಾಂಬು. ಅಕ್ಟೋಬರ್ 29ರಂದು ಇಸ್ರೇಲ್, ಬೆನ್ನಿಗೇ ಬ್ರಿಟನ್ ಮತ್ತು ಫ್ರಾನ್ಸ್ ದಾಳಿಯಿಟ್ಟವು. ಕೊನೆಗೆ ಅವು ಹಿಂದೆ ಸರಿಯಬೇಕಾಯಿತು. ಕಾಲುವೆ ಈಜಿಪ್ಟಿನಲ್ಲೇ ಉಳಿಯಿತು.

ಸಾಮ್ರಾಜ್ಯಶಾಹಿಯ ದುರಾಸೆಯನ್ನು ಖಂಡಿಸಲೇಬೇಕು. ಆದರೆ ಅದಕ್ಕೆ ಬಾಗಿಲು ತೆರೆದುಕೊಟ್ಟ ಒಳಗಿನ ದುಂದುಗಾರಿಕೆಯನ್ನು ಕ್ಷಮಿಸುವವರು ಸುಯೆಝ್‌ನ ಅರ್ಧ ಚರಿತ್ರೆಯನ್ನಷ್ಟೇ ಓದಿದವರು. ಇಸ್ಮಾಈಲನ ಸಹಿಯಿಂದ ಕಳೆದುಹೋದದ್ದನ್ನು ಮರಳಿ ಪಡೆಯಲು ಒಂದು ಜನತೆಗೆ 81 ವರ್ಷಗಳೇ ಬೇಕಾದವು.