‘ಚೆನ್ನಾಗಿದ್ದೇನೆ’ ಎಂಬ ಉತ್ತರದ ಹಿಂದೆ

ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನಾಗಿ ಆಚರಿಸಬೇಕೆಂದು ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಕರೆಯಿತ್ತರು. ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಾ ಅವರ ಹಬ್ಬ ಜುಲೈ 26ರಂದು ಬರುವುದರಿಂದ ಅದರ ಸಮೀಪದ ಭಾನುವಾರವನ್ನು ಆರಿಸಲಾಯಿತು. ಅಂದಿನಿಂದ ನಮ್ಮ ಹಲವು ಧರ್ಮಕೇಂದ್ರಗಳಲ್ಲಿ ಆ ದಿನ ಬಲಿಪೂಜೆಯ ಬಳಿಕ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಹೂ ನೀಡಿ, ಕೆಲವೆಡೆ ಶಾಲು ಹೊದಿಸಿ ಗೌರವಿಸಲಾಗುತ್ತಿದೆ. ಇದು ಸಂತೋಷದ ಸಂಗತಿಯೇ. ಆದರೆ ಈ ಗೌರವ ಸಲ್ಲುವುದು ಚರ್ಚಿನ ಮೆಟ್ಟಿಲು ಹತ್ತಬಲ್ಲ ಹಿರಿಯರಿಗೆ ಮಾತ್ರ. ಹಾಸಿಗೆ ಹಿಡಿದು ವೃದ್ಧಾಶ್ರಮಗಳ ಒಳಕೋಣೆಗಳಲ್ಲಿ ಮಲಗಿರುವ ನಮ್ಮವರೇ ಆದ ಹಿರಿಯರ ಸ್ಥಿತಿಗತಿ ಏನು? ಈ ವಾರ ಆ ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಕಳೆದ ಕೆಲವು ತಿಂಗಳುಗಳಲ್ಲಿ ನಾವು ಕರಾವಳಿಯ ಕೆಲವು ವೃದ್ಧಾಶ್ರಮಗಳಿಗೆ ಹೋಗಿ ಬಂದೆವು. ಕೆಲವು ಧರ್ಮಭಗಿನಿಯರ ಆಶ್ರಯದಲ್ಲಿರುವಂಥವು, ಕೆಲವು ಖಾಸಗಿಯವರು ಶುಲ್ಕ ಪಡೆದು ನಡೆಸುವಂಥವು. ಅಲ್ಲಿನ ನಿವಾಸಿಗಳೊಡನೆಯೂ, ಅವರನ್ನು ಸೇರಿಸಿದ ಮನೆಯವರೊಡನೆಯೂ ಮಾತನಾಡಿದೆವು. ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಒಂದು ಸಂಸ್ಥೆಯನ್ನು ಹೊಗಳುವುದಾಗಲಿ ಇನ್ನೊಂದನ್ನು ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ.

ಬಾಗಿಲಲ್ಲಿ ಕೇಳುವ ಪ್ರಶ್ನೆ

ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ರೋಗಿ ಕೆಲವು ದಿನ ಮಲಗಿ, ಗುಣವಾಗಿ ಮನೆಗೆ ಮರಳುತ್ತಾನೆ. ‘ವೃದ್ಧಾಶ್ರಮ’ ಎಂದರೆ ವಯಸ್ಸಾದವರಿಗೆ ಊಟ-ವಸತಿ ದೊರೆಯುವ ಸ್ಥಳ. ಪಾಶ್ಚಾತ್ಯ ದೇಶಗಳಲ್ಲಿ ನರ್ಸಿಂಗ್ ಹೋಮ್ ಎಂಬ ಮಾತಿಗಿರುವ ಅರ್ಥ, ಅಂದರೆ ಇನ್ನು ಗುಣವಾಗಲಾರದ, ಆದರೆ ಹಗಲಿರುಳು ಶುಶ್ರೂಷೆ ಬೇಕಾದ ವೃದ್ಧರು ಬಾಳುವ ಮನೆ ಎಂಬ ಅರ್ಥ ನಮ್ಮಲ್ಲಿ ಬೇರೂರಿಲ್ಲ. ಹೆಸರು ಇಲ್ಲದ್ದಕ್ಕೆ ವ್ಯವಸ್ಥೆಯೂ ವಿರಳ. ಬಹಳಷ್ಟು ಆಶ್ರಮಗಳಲ್ಲಿ ಪ್ರವೇಶಕ್ಕೆ ಮುನ್ನ ಕೇಳುವ ಮೊದಲ ಪ್ರಶ್ನೆ, “ಅವರು ನಡೆದಾಡುತ್ತಾರೆಯೇ? ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆಯೇ?” ಎಂಬುದೇ. ಆರೈಕೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಬಾಗಿಲು ಕಿರಿದು. ಹಾಸಿಗೆ ಹಿಡಿದವರನ್ನೂ ಮರೆವಿನ ಕಾಯಿಲೆಯವರನ್ನೂ ಸೇರಿಸಿಕೊಳ್ಳುವ ಮನೆಗಳು ಇಲ್ಲದಿಲ್ಲ. ಆದರೆ ಅಲ್ಲಿ ಕಾಯುವವರ ಪಟ್ಟಿ ಉದ್ದ, ಇಲ್ಲವೇ ವೆಚ್ಚ ಅಧಿಕ. ತಿಂಗಳ ಶುಲ್ಕವಲ್ಲದೆ ಔಷಧಿ, ಡೈಪರು, ಆಸ್ಪತ್ರೆಯ ಬಿಲ್ಲು ಬಹುತೇಕ ಕಡೆ ಪ್ರತ್ಯೇಕ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡಾ 8.6ರಷ್ಟಿದ್ದರು. ಆ ಬಳಿಕ ಈ ಸಂಖ್ಯೆ ಏರಿಯೇ ಇದೆ. ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಇದರೊಡನೆ ಇನ್ನೊಂದು ಅಂಶ ಕೂಡಿಕೊಂಡಿದೆ. ಮುಂಬಯಿ, ಬಳಿಕ ಕೊಲ್ಲಿ ರಾಷ್ಟ್ರಗಳು, ಈಗ ಯುರೋಪು, ಕೆನಡಾ, ಆಸ್ಟ್ರೇಲಿಯ ಎಂದು ಮಕ್ಕಳು ದೂರ ದೂರ ಸಾಗಿದ್ದಾರೆ. ಅವರು ಕಳುಹಿಸಿದ ಹಣದಿಂದ ಕಟ್ಟಿದ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು, ಕೆಲವು ವರ್ಷಗಳ ಬಳಿಕ ಒಬ್ಬರೇ ವೃದ್ಧರು. ಆಮೇಲೆ ಆ ಮನೆಗೆ ಬೀಗ.

ಆದುದರಿಂದ ತಂದೆತಾಯಿಯನ್ನು ಆಶ್ರಮಕ್ಕೆ ಸೇರಿಸಿದವರೆಲ್ಲ ಕಟುಕರೆಂದು ತೀರ್ಪು ಕೊಡುವುದು ಸರಿಯಲ್ಲ. ನಿವೃತ್ತ ಅಧ್ಯಾಪಕರೊಬ್ಬರು ನಮಗೆ ಹೇಳಿದ ಮಾತು ನೆನಪಿನಲ್ಲಿ ಉಳಿದಿದೆ: “ಮನೆಯಲ್ಲಿ ಗೋಡೆಯೊಡನೆ ಮಾತನಾಡುತ್ತಿದ್ದೆ. ಇಲ್ಲಿ ಜಗಳವಾಡಲಿಕ್ಕಾದರೂ ಜನರಿದ್ದಾರೆ.” ಮತ್ತೊಂದು ಆಶ್ರಮದಲ್ಲಿ, ಪಾರ್ಶ್ವವಾಯು ಬಡಿದ ಮುದುಕರೊಬ್ಬರಿಗೆ ಧರ್ಮಭಗಿನಿಯೊಬ್ಬರು ಮುಕ್ಕಾಲು ಗಂಟೆ ಪಕ್ಕದಲ್ಲಿ ಕುಳಿತು, ಒಂದೊಂದೇ ಚಮಚ ಗಂಜಿ ನುಂಗಿಸಿ, ಪ್ರತಿ ತುತ್ತಿನ ಬಳಿಕ ಗಂಟಲು ಸರಿಯಾಯಿತೇ ಎಂದು ನೋಡುತ್ತಿದ್ದುದನ್ನು ಕಂಡೆವು. ಎಷ್ಟು ಮನೆಗಳಲ್ಲಿ ಮಕ್ಕಳಿಗೂ ಸೊಸೆಯಂದಿರಿಗೂ ಇಷ್ಟು ವ್ಯವಧಾನವಿದೆ?

ಮೂರು ಮೌನಗಳು

ಹಾಗಿದ್ದರೆ ನಮ್ಮನ್ನು ಕಾಡಿದ ಸಂಗತಿ ಯಾವುದು? ಅದು ಮೌನ. ‘ಹೇಗಿದ್ದೀರಿ?’ ಎಂದು ಕೇಳಿದಲ್ಲೆಲ್ಲ ದೊರೆತ ಉತ್ತರ ಒಂದೇ: ‘ಚೆನ್ನಾಗಿದ್ದೇನೆ.’ ನಿಜಕ್ಕೂ ಚೆನ್ನಾಗಿದ್ದವರೂ ಹಾಗೆಂದರು, ಇಲ್ಲದವರೂ ಹಾಗೆಯೇ ಎಂದರು.

ಮೊದಲನೆಯದು ನಿವಾಸಿಗಳ ಮೌನ. ದೂರು ಹೇಳಿದರೆ ಅದೇ ಕೈಗಳಿಂದ ನಾಳೆ ಸ್ನಾನ ಮಾಡಿಸಿಕೊಳ್ಳಬೇಕು, ಅದೇ ಕೈಗಳಿಂದ ತುತ್ತು ತಿನ್ನಬೇಕು. ಮೇಲಾಗಿ, ದೂರದಲ್ಲಿರುವ ಮಗನಿಗೆ ಚಿಂತೆ ಹಚ್ಚಬಾರದೆಂಬ ತಾಯಿಯ ಮನಸ್ಸು. ಒಬ್ಬ ವೃದ್ಧೆಯ ಕನ್ನಡಕ ಮುರಿದು ಎರಡು ತಿಂಗಳಾಗಿತ್ತು. ಪ್ರಾರ್ಥನಾಪುಸ್ತಕ ತಲೆದಿಂಬಿನ ಪಕ್ಕದಲ್ಲೇ ಇತ್ತು, ಓದುವಂತಿರಲಿಲ್ಲ. ವಾರಕ್ಕೊಮ್ಮೆ ವಿಡಿಯೋ ಕರೆ ಮಾಡುವ ಮಗನಿಗೆ ಅವರು ಅದನ್ನು ಹೇಳಿರಲಿಲ್ಲ. “ಅವನಿಗೆ ಅಲ್ಲಿ ಸಾವಿರ ಕಷ್ಟ” ಎಂದರು.

ಎರಡನೆಯದು ಮನೆಯವರ ಮೌನ. ಮುಂಬಯಿಯಲ್ಲಿ ನೆಲೆಸಿದ ಮಗಳೊಬ್ಬಳು ತಾಯಿಯನ್ನು ನೋಡಲು ಬಂದಾಗ ಬೆನ್ನಿನ ಕೆಳಭಾಗದಲ್ಲಿ ಹುಣ್ಣು ಕಂಡಿತು. ವಿಚಾರಿಸಿದಾಗ “ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ” ಎಂಬ ಉತ್ತರ ಬಂತು. ಆಕೆ ಮುಂದೆ ಕೇಳಲಿಲ್ಲ. “ಕರೆದುಕೊಂಡು ಹೋಗಿ ಎಂದರೆ ಎಲ್ಲಿಗೆ ಒಯ್ಯಲಿ? ಮತ್ತು, ಸ್ವಂತ ತಾಯಿಯನ್ನು ಇಲ್ಲಿ ಬಿಟ್ಟವಳಿಗೆ ಕೇಳುವ ಮುಖವಾದರೂ ಎಲ್ಲಿದೆ?” ಎಂದು ನಮ್ಮಲ್ಲಿ ಹೇಳಿಕೊಂಡಳು. ಈ ಅಪರಾಧಭಾವವೇ ಅನೇಕ ಕುಟುಂಬಗಳ ಬಾಯಿ ಕಟ್ಟಿದೆ. ಆದರೆ ಹಾಸಿಗೆ ಹುಣ್ಣು ವೃದ್ಧಾಪ್ಯದ ಅನಿವಾರ್ಯ ಫಲವಲ್ಲ. ಒಂದೇ ಮಗ್ಗುಲಲ್ಲಿ ಮಲಗಿದಾಗ ಎಲುಬಿನ ಮೇಲಿನ ಚರ್ಮಕ್ಕೆ ರಕ್ತ ಹರಿಯದೆ ಅದು ಹುಟ್ಟುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ಒಣದಾಗಿಡುವುದು, ಸಾಕಷ್ಟು ಆಹಾರ, ಗಾಳಿಹಾಸಿಗೆ, ಇವುಗಳಿಂದ ಬಹುಮಟ್ಟಿಗೆ ತಡೆಯಬಹುದು.

ಮೂರನೆಯದು ಆರೈಕೆ ಮಾಡುವವರ ಮೌನ. ಇದರ ಕುರಿತು ನಾವು ಯೋಚಿಸುವುದೇ ಕಡಿಮೆ. ಸರಳ ಲೆಕ್ಕ ನೋಡೋಣ. ಹಾಸಿಗೆ ಹಿಡಿದವರನ್ನು ನೋಯಿಸದೆ ಮಗ್ಗುಲು ತಿರುಗಿಸಿ, ಒರೆಸಿ, ಬಟ್ಟೆ ಸರಿಪಡಿಸಲು ಇಬ್ಬರು ಬೇಕು. ಒಬ್ಬೊಬ್ಬರಿಗೆ ಹತ್ತು ನಿಮಿಷವೆಂದರೂ ಇಪ್ಪತ್ತು ಮಂದಿಗೆ 200 ನಿಮಿಷ, ಅಂದರೆ ಮೂರು ಗಂಟೆಗೂ ಮಿಕ್ಕಿ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದರೆ, ಅವರು ಕ್ಷಣವೂ ಕೂರದೆ ದುಡಿದರೂ ಎರಡು ಗಂಟೆಯ ನಿಯಮ ಪಾಲನೆಯಾಗದು. ನಡುವೆ ಒಬ್ಬರು ಬಿದ್ದರೆ, ಒಬ್ಬರಿಗೆ ಉಸಿರು ಕಟ್ಟಿದರೆ ಹೇಳುವುದೇ ಬೇಡ. ಹುಣ್ಣಿಗೆ ಕಾರಣ ಆಯಾಳ ಸೋಮಾರಿತನವೆಂದು ನಾವು ಸುಲಭವಾಗಿ ಹೇಳುತ್ತೇವೆ. ಆಕೆಯ ಸಂಬಳವೆಷ್ಟು, ತರಬೇತಿ ಕೊಟ್ಟವರು ಯಾರು, ಎಷ್ಟು ಮಂದಿಗೆ ಆಕೆ ಒಬ್ಬಳು ಎಂದು ಕೇಳುವುದಿಲ್ಲ.

ಭಾಷೆಯ ತೊಡಕು ಬೇರೆ. ಇಂದು ಈ ಕೆಲಸಕ್ಕೆ ಸ್ಥಳೀಯರು ಸಿಗುವುದು ಕಷ್ಟವಾಗಿ ದೂರದ ರಾಜ್ಯಗಳ ಹೆಣ್ಣುಮಕ್ಕಳು ಬರುತ್ತಿದ್ದಾರೆ. ಮರೆವಿನ ಕಾಯಿಲೆ ಬಲಿತಾಗ ಅನೇಕರು ಆಮೇಲೆ ಕಲಿತ ಭಾಷೆಗಳನ್ನು ಮರೆತು ತಾಯ್ನುಡಿಗೆ ಮರಳುತ್ತಾರೆ. ನಾವು ಕಂಡ ವೃದ್ಧೆಯೊಬ್ಬರು ಇಡೀ ರಾತ್ರಿ ‘ಉದಾಕ್, ಉದಾಕ್’ ಎಂದು ಕೂಗಿದ್ದರು. ಕೊಂಕಣಿ ತಿಳಿಯದ ಆಯಾ ಅದನ್ನು ಬರಿಯ ಗಲಾಟೆಯೆಂದು ತಿಳಿದು ಸಮಾಧಾನಪಡಿಸಲು ಯತ್ನಿಸಿದ್ದಳು. ಆಕೆಯಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಬೆಳಿಗ್ಗೆ, ಅಡುಗೆಯ ಹೆಂಗಸು ಬಂದು “ಬಾಯಮ್ಮನಿಗೆ ನೀರು ಬೇಕಂತೆ” ಎಂದಾಗಲೇ ವಿಷಯ ತಿಳಿದದ್ದು.

ಇಲ್ಲಿ ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ನಮ್ಮ ಕರಾವಳಿಯ ಸಾವಿರಾರು ಮಂದಿ, ಅವರಲ್ಲಿ ಬಹಳಷ್ಟು ಕ್ರೈಸ್ತರು, ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡಿ ಸಂಪಾದಿಸುತ್ತಾರೆ. 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಆರಂಭವಾದಾಗ ಅವರ ಕುಶಲಕ್ಕಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಜಪಸರ ಪ್ರಾರ್ಥನೆ ನಡೆಯಿತು. ಅಪರಿಚಿತ ದೇಶದ ವೃದ್ಧರ ಭಾಷೆ ಕಲಿತು, ಅವರ ಔಷಧಿಯ ಹೊತ್ತು ತಪ್ಪದಂತೆ ನೋಡಿಕೊಳ್ಳುವ ಅವರ ಕೌಶಲವನ್ನು ಅಲ್ಲಿನವರು ಬೆಲೆ ಕೊಟ್ಟು ಪಡೆಯುತ್ತಾರೆ. ಊರಿನಲ್ಲಿ ಅದೇ ಕೆಲಸ ‘ಆಯಾ ಕೆಲಸ’ವೆನಿಸಿ, ಅದಕ್ಕೆ ಗೌರವವೂ ಇಲ್ಲ, ತಕ್ಕ ಸಂಬಳವೂ ಇಲ್ಲ. ಆರೈಕೆ ಒಂದು ವಿದ್ಯೆಯೆಂದು ಒಪ್ಪದ ಸಮಾಜಕ್ಕೆ ಒಳ್ಳೆಯ ಆರೈಕೆ ಎಲ್ಲಿಂದ ದೊರೆಯಬೇಕು?

ಕಾನೂನು ಎಲ್ಲಿಯವರೆಗೆ?

2007ರಲ್ಲಿ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಅದರಂತೆ, ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಹಕ್ಕುದಾರರಾಗುವ ಬಂಧುವಿನಿಂದ ಕೇಳಬಹುದು. ನಮ್ಮಲ್ಲಿ ಈ ಅರ್ಜಿಗಳನ್ನು ವಿಚಾರಿಸುವವರು ಉಪವಿಭಾಗಾಧಿಕಾರಿಗಳು. ಕಾಯ್ದೆಯಲ್ಲಿ ಹೇಳಿದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನಿರ್ಗತಿಕ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು, 150 ಮಂದಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮವನ್ನು ರಾಜ್ಯ ಸರಕಾರಗಳು ಸ್ಥಾಪಿಸಬಹುದೆಂದೂ ಅದರಲ್ಲಿದೆ.

ಈ ಕಾಯ್ದೆ ಮಕ್ಕಳನ್ನು ಎಚ್ಚರಿಸುತ್ತದೆ, ಸರಿ. ಆದರೆ ಶುಲ್ಕವನ್ನು ತಪ್ಪದೆ ಕಟ್ಟುತ್ತಿರುವ ಮಗನ ತಾಯಿಗೆ ರಾತ್ರಿ ನೀರು ಸಿಕ್ಕಿತೇ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಖಾಸಗಿ ಆರೈಕೆ ಮನೆಗಳ ನೋಂದಣಿಯನ್ನೂ ಕನಿಷ್ಠ ಮಟ್ಟಗಳನ್ನೂ ಸೇರಿಸಿದ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯ ಅವಧಿಯೊಡನೆ ಅದೂ ಮುಗಿಯಿತು. ಹೀಗಾಗಿ ಆರೈಕೆಯ ಗುಣಮಟ್ಟಕ್ಕೆ ಇಂದು ದೊಡ್ಡ ಕಾವಲೆಂದರೆ ಮನೆಯವರ ಕಣ್ಣುಗಳೇ. 2020ರಲ್ಲಿ ಕೊರೋನಾ ಕಾರಣದಿಂದ ಆಶ್ರಮಗಳು ಗೇಟು ಮುಚ್ಚಿದಾಗ, ತಿಂಗಳುಗಟ್ಟಲೆ ಯಾರೂ ಒಳಹೋಗುವಂತಿರಲಿಲ್ಲ. ಸೋಂಕು ತಡೆಯಲು ಅದು ಅಗತ್ಯವಾಗಿತ್ತು. ಆದರೆ ಭೇಟಿಯೆಂಬುದು ಕೇವಲ ಸೌಜನ್ಯವಲ್ಲ, ಅದು ಆರೈಕೆಯದೇ ಒಂದು ಭಾಗ ಎಂಬುದನ್ನು ಆ ದಿನಗಳು ಎಲ್ಲರಿಗೂ ಕಲಿಸಿದವು.

ನಮ್ಮಿಂದ ಆಗಬಹುದಾದದ್ದು

1839ರ ಚಳಿಗಾಲದಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಎಂಬ ಬಡ ಮಹಿಳೆ, ಕಣ್ಣು ಕಾಣದ, ಅರೆ ಪಾರ್ಶ್ವವಾಯು ಪೀಡಿತ ವೃದ್ಧೆಯೊಬ್ಬಳನ್ನು ತನ್ನ ಮನೆಗೆ ಕರೆತಂದು ತನ್ನದೇ ಹಾಸಿಗೆಯನ್ನು ಬಿಟ್ಟುಕೊಟ್ಟಳು. ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂವರ್ ಸಭೆ ಹುಟ್ಟಿದ್ದು ಹೀಗೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಈ ಸಭೆಯ ಆಶ್ರಮವಿದೆ. ಜೀನ್ ಜುಗಾನ್ 2009ರಲ್ಲಿ ಸಂತ ಪದವಿಗೇರಿದರು. ಆಕೆ ಆರಂಭಿಸಿದ್ದು ನಡೆದಾಡುವವರಿಂದಲ್ಲ, ಹಾಸಿಗೆ ಹಿಡಿದವಳಿಂದ ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಎಲ್ಲರೂ ಹಾಸಿಗೆ ಬಿಟ್ಟುಕೊಡಲಾರೆವು. ಆದರೆ ಕೆಲವು ಕೆಲಸಗಳು ನಮ್ಮ ಕೈಮೀರಿದವಲ್ಲ. ಹಿರಿಯರನ್ನು ಸೇರಿಸುವ ಮುನ್ನ ಅಂಗಳದ ಹೂದೋಟವನ್ನಲ್ಲ, ರಾತ್ರಿ ಪಾಳಿಯನ್ನು ವಿಚಾರಿಸೋಣ. ಎಷ್ಟು ಹಾಸಿಗೆಗೆ ಎಷ್ಟು ಮಂದಿ? ಅವರಲ್ಲಿ ನರ್ಸು ಎಷ್ಟು? ಮಗ್ಗುಲು ಬದಲಿಸಿದ ಹೊತ್ತನ್ನು ಬರೆದಿಡುತ್ತಾರೆಯೇ? ಮುಂದೆ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರೆಯೇ, ಮನೆಗೆ ಕಳುಹಿಸುತ್ತಾರೆಯೇ? ಇಂತಹ ಪ್ರಶ್ನೆಗಳಿಗೆ ಒಳ್ಳೆಯ ಸಂಸ್ಥೆ ಮುಖ ಸಿಂಡರಿಸುವುದಿಲ್ಲ. ಶುಲ್ಕ ಕಡಿಮೆಯಿರಲಿ, ಆಯಾಗಳು ಹೆಚ್ಚಿರಲಿ ಎಂದು ಏಕಕಾಲಕ್ಕೆ ಬಯಸುವುದು ನ್ಯಾಯವಲ್ಲವೆಂಬುದನ್ನೂ ಉಳ್ಳವರು ಅರಿಯಬೇಕು. ಹಬ್ಬದ ಮಧ್ಯಾಹ್ನ ಕೇಕು ಹಿಡಿದು ಹೋಗುವುದರ ಜೊತೆಗೆ ಸಾಧಾರಣ ಮಂಗಳವಾರವೊಂದು ಊಟದ ಹೊತ್ತಿಗೆ ಹೋಗೋಣ.

ವಿದೇಶದಲ್ಲಿರುವ ಮಕ್ಕಳ ಪರವಾಗಿ ಧರ್ಮಕೇಂದ್ರವೇ ಕಣ್ಣಾಗಬಹುದು. ನಮ್ಮ ಪ್ರತಿ ವಾಳೆಗೂ ಗುರಿಕಾರರಿದ್ದಾರೆ. ತಮ್ಮ ವಾಳೆಯಿಂದ ಆಶ್ರಮ ಸೇರಿದವರು ಯಾರು ಎಂಬ ಪಟ್ಟಿ ಎಷ್ಟು ಕಡೆ ಇದೆ? ತಿಂಗಳಿಗೊಮ್ಮೆ ಇಬ್ಬರು ಹೋಗಿ, ತಾಯ್ನುಡಿಯಲ್ಲಿ ಮಾತನಾಡಿ, ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಸರಿಯಿದೆಯೇ ಎಂದು ನೋಡಿಬಂದರೆ ಸಾಕು. ಆಯಾಗಳಿಗೆ ಕೊಂಕಣಿಯ, ತುಳುವಿನ ಇಪ್ಪತ್ತು ಪದಗಳನ್ನು ಬರೆದುಕೊಟ್ಟರೂ ಅದು ಸೇವೆಯೇ. ದೌರ್ಜನ್ಯದ ಶಂಕೆಯಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಯಾರೂ ಕರೆಮಾಡಬಹುದು.

ಮುಂದಿನ ಜುಲೈಯಲ್ಲಿಯೂ ಚರ್ಚುಗಳಲ್ಲಿ ಶಾಲು ಹೊದಿಸೋಣ. ಅದೇ ದಿನ ಸಂಜೆ, ಮೆಟ್ಟಿಲು ಹತ್ತಲಾರದವರ ಬಳಿಗೂ ಹೋಗೋಣ. ಅಲ್ಲಿ ‘ಹೇಗಿದ್ದೀರಿ?’ ಎಂದು ಕೇಳಿ, ಸಿದ್ಧ ಉತ್ತರ ಪಡೆದು ಹಿಂದಿರುಗುವುದು ಬೇಡ. ಕುರ್ಚಿ ಎಳೆದು ಕುಳಿತು, ‘ನಿನ್ನೆ ರಾತ್ರಿ ನೀರು ಯಾರು ಕೊಟ್ಟರು?’ ಎಂದು ಕೇಳೋಣ. ಉತ್ತರ ಬರುವವರೆಗೆ ಏಳದಿರೋಣ.