ಆಯಾಳ ಕೆಲಸಕ್ಕೆ ಹೆಸರೇನು?

ಹಿರಿಯರ ಆರೈಕೆ ಕ್ಷೇತ್ರದಲ್ಲಿ ಹೇರಳ ಉದ್ಯೋಗವಿದೆಯಂತೆ. ಪಿಎಚ್‌ಡಿ ಮುಗಿದರೆ ಏನು ಮಾಡಲಿ ಎನ್ನುವ ನನಗೂ ಈ ಸಲಹೆ ಬಂದಿದೆ. ಫಿಸಿಯೋಥೆರಪಿಸ್ಟ್, ಆಪ್ತಸಮಾಲೋಚಕ, ವ್ಯವಸ್ಥಾಪಕ ಎಲ್ಲರಿಗೂ ಪದನಾಮವಿದೆ. ಹಾಸಿಗೆ ಹಿಡಿದ ಅಜ್ಜಿಯ ಬೆನ್ನು ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ, ನಡುರಾತ್ರಿಯೂ ಎದ್ದು, ಮಗ್ಗುಲು ಬದಲಿಸುವವಳು ಮಾತ್ರ ಬರೀ 'ಆಯಾ'. ನುಂಗಲಾರದವರನ್ನು ಹೇಗೆ ಕೂರಿಸಿ ಗಂಜಿ ಕುಡಿಸಬೇಕು, ಮರೆವಿನ ಕಾಯಿಲೆಯವರು ಸಂಜೆ ರೇಗಿದರೆ ಹೇಗೆ ಮಾತಾಡಿಸಬೇಕು ಎಂಬುದು ಕಲಿತು ಬರುವ ವಿದ್ಯೆ. ನಾವದನ್ನು 'ಹೆಣ್ಣಿನ ಸಹಜ ಗುಣ' ಎನ್ನುತ್ತೇವೆ. ಗುಣಕ್ಕೆ ಓವರ್‌ಟೈಮ್ ಕೊಡಬೇಕಿಲ್ಲವಲ್ಲ! ಹಿರಿಯರ ಪೋಷಣೆಯ 2007ರ ಕಾಯ್ದೆ ತಂದೆತಾಯಿಯನ್ನು ತೊರೆದ ಮಕ್ಕಳಿಗೆ 3 ತಿಂಗಳವರೆಗೆ ಜೈಲು ವಿಧಿಸಬಲ್ಲದು. ಸಂಬಳಕ್ಕೆ ನೋಡಿಕೊಳ್ಳುವವಳ ವೇತನ, ವಾರದ ರಜೆಯ ಬಗ್ಗೆ ಅದರಲ್ಲಿ ಒಂದು ಕಲಮೂ ಇಲ್ಲ. ಅವಕಾಶಗಳ ಪಟ್ಟಿ ಹಂಚುವವರು ಮೊದಲು ಅವಳಿಗೊಂದು ಲಿಖಿತ ಕರಾರು ಕೊಡಿಸಲಿ.