ಚಿನ್ನದ ಗಣಿಯೂ ಪಾತಕದ ಮೂಲವೂ

ಕೋಲಾರದ ಚಿನ್ನದ ಗಣಿಯ ಹೆಸರೆತ್ತಿದೊಡನೆ ಕತ್ತಿ, ಕೊಲೆ, ಕಳವು ಎಂಬ ಮೂರು ಮಾತುಗಳನ್ನು ಸೇರಿಸದೆ ಬಿಡದ ಸಭ್ಯರು ಹಲವರುಂಟು. 2018ರಲ್ಲಿಯೂ 2022ರಲ್ಲಿಯೂ ಆ ಊರಿನ ಹೆಸರನ್ನೇ ಹೊತ್ತ ಎರಡು ಚಲಚ್ಚಿತ್ರಗಳು ತೆರೆಗೆ ಬಂದ ಮೇಲಂತೂ ಈ ಮಾತಿಗೆ ರೆಕ್ಕೆಪುಕ್ಕಗಳು ಮೂಡಿದವು. ಒಂದು ಪಕ್ಷದವರು, ‘ನಾನಾ ಸೀಮೆಗಳಿಂದ ಬಂದ ಕೂಲಿಗಳ ಸಂತಾನವಲ್ಲವೆ, ಕ್ರೌರ್ಯವು ಅವರ ರಕ್ತದಲ್ಲಿಯೇ ಇದೆ’ ಎನ್ನುವರು. ಮತ್ತೊಂದು ಪಕ್ಷದವರು, ‘ಇಂಥ ಚಿತ್ರಗಳೇ ಹುಡುಗರನ್ನು ಕೆಡಿಸುವುವು’ ಎನ್ನುವರು. ಅಪರಾಧದ ಹೊಣೆಯನ್ನು ಹೇಳುವವನ ಮನೆಬಾಗಿಲಿನಿಂದ ದೂರವಿಡುವ ಗುಣವೊಂದು ಎರಡು ಮತಗಳಿಗೂ ಸಮಾನವಾಗಿದೆ.

ಎರಡನೆಯ ಮತಕ್ಕೆ ಹೆಚ್ಚು ಉತ್ತರ ಬೇಕಿಲ್ಲ. 2022ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಸಾಗರ ಪಟ್ಟಣದಲ್ಲಿ ರಾತ್ರಿ ಕಾವಲುಗಾರರನ್ನು ಕೊಂದ ತರುಣನೊಬ್ಬನು ಈ ಚಿತ್ರದಿಂದಲೇ ಪ್ರೇರಿತನಾದನೆಂದು ಪೋಲೀಸರು ಹೇಳಿದರು. ಇದ್ದರೂ ಇರಬಹುದು. ಆದರೆ ಅದೇ ಚಿತ್ರವನ್ನು ದೇಶದ ಉದ್ದಗಲಕ್ಕೂ ಅಸಂಖ್ಯ ಜನರು ನೋಡಿ, ಮನೆಗೆ ಹೋಗಿ ಉಂಡು ಮಲಗಿದರು. ಚಿತ್ರವು ಹಿಂಸೆಗೆ ವೇಷವನ್ನು ಕೊಟ್ಟೀತೇ ಹೊರತು ಒಡಲಿನೊಳಗಿನ ಕಿಚ್ಚನ್ನು ಕೊಡಲಾರದು.

ರಕ್ತದ ವಾದವು ಹೆಚ್ಚು ಕೇಡಿನದು. ವಿದ್ಯಾವಂತರ ಮನೆಗಳಲ್ಲಿಯೂ ಅದು ಸಲೀಸಾಗಿ ಓಡಾಡುತ್ತದೆ. ಆ ರಕ್ತದ ವೃತ್ತಾಂತವನ್ನೇ ನೋಡಬಹುದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯು ಗಣಿಯ ಕಾರ್ಯಕ್ಕೆ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಜನರು ಬಂದರು. ಅವರಲ್ಲಿ ಬಹುಮಂದಿ ತಮ್ಮ ಊರುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡು, ಒಡೆಯರ ಹೊಲದಲ್ಲಿ ದುಡಿದು, ಕ್ಷಾಮದಲ್ಲಿ ಬೆಂದವರು. ಚಾಂಪಿಯನ್ ರೀಫಿನ ಗಣಿಯು ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದುದು ಇವರ ತೋಳಿನಿಂದ. ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮೀರಿದ ಚಿನ್ನವು ಮೇಲಕ್ಕೆ ಬಂದುದೂ ಹಾಗೆಯೇ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿನ ಬೀದಿಗಳಿಗಿಂತ ಮೂರು ವರ್ಷ ಮುಂಚೆ ಗಣಿಯ ಯಂತ್ರಗಳನ್ನು ಮುಟ್ಟಿತು. ಆ ಯಂತ್ರಗಳ ನೆರಳಿನಲ್ಲಿಯೇ ಕೂಲಿಗಳ ಸಂಸಾರಗಳು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಹೊತ್ತು ಕಳೆಯುತ್ತಿದ್ದವು.

ಇಂಥವರನ್ನು ಕಾಯಿದೆಯು ಹೇಗೆ ಕಂಡಿತು? 1897ರಲ್ಲಿ ಮೈಸೂರು ಸರ್ಕಾರವು ಗಣಿಗಳಿಗೆಂದೇ ರೆಗ್ಯುಲೇಷನ್ ಒಂದನ್ನು ಹೊರಡಿಸಿತು. ಚಿನ್ನದ ಅದುರು ಒಬ್ಬನ ಬಳಿ ಸಿಕ್ಕಿದರೆ, ಅದು ನ್ಯಾಯವಾಗಿ ಬಂದುದೆಂದು ತೋರಿಸುವ ಭಾರವು ಸಿಕ್ಕಿಬಿದ್ದವನ ತಲೆಯ ಮೇಲೆಯೇ. ಪಾಳಿ ಮುಗಿಸಿ ಶಾಫ್ಟಿನಿಂದ ಮೇಲೆ ಬಂದವನ ಮೈಯನ್ನು ತಡಕಿ ನೋಡುವುದು ನಿತ್ಯಕರ್ಮವಾಯಿತು. 1930ರಲ್ಲಿ, ಪ್ರತಿಯೊಬ್ಬ ಕೂಲಿಯೂ ಹೆಬ್ಬೆರಳಿನ ಗುರುತನ್ನು ಒತ್ತಿ ಹೆಸರು ದಾಖಲು ಮಾಡಿಸಬೇಕೆಂಬ ಹೊಸ ವಿಧಿ ಬಂದಿತು. ಸೆರೆಮನೆಯ ಕೈದಿಗೆ ಮಾಡುವುದನ್ನು ತಮಗೂ ಮಾಡುವರೆಂದು ಜನರು ಕೆಲಸವನ್ನೇ ಬಿಟ್ಟು ಕುಳಿತರು. 1946ರ ನವೆಂಬರ್ 4ರಂದು ಪೋಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಚಿನ್ನದ ಗಣಿಯ ಹಿಂಸೆಯ ಲೆಕ್ಕವನ್ನು ಬರೆಯುವ ಮಹಾಶಯರು ಈ ಆರು ಹೆಣಗಳನ್ನು ಯಾವ ಖಾತೆಗೆ ಸೇರಿಸುವರೋ!

ಗಣಿಯಲ್ಲಿ ಕಳವು ನಡೆಯಲೇ ಇಲ್ಲವೆಂದು ಯಾರೂ ಹೇಳರು. ಶಾಮಾಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಅರ್ಥಶಾಸ್ತ್ರದಲ್ಲಿ ಆಕರಾಧ್ಯಕ್ಷನ ಪ್ರಕರಣವೊಂದಿದೆ. ಗಣಿಯಲ್ಲಿ ಕಳವು ಮಾಡಿದವನಿಗೆ ಎಂಟು ಪಟ್ಟು ದಂಡವನ್ನು ಅಲ್ಲಿ ವಿಧಿಸಿದೆ. ಅಪ್ಪಣೆಯಿಲ್ಲದೆ ಗಣಿಯಿಂದ ಜೀವಿಸುವವನನ್ನು ಕಟ್ಟಿಹಾಕಿ ಅವನಿಂದ ಕೆಲಸ ಮಾಡಿಸಬೇಕೆಂದೂ ಇದೆ. ಕೌಟಿಲ್ಯನೇನು ಕರುಣಾಳುವೆಂದು ಹೆಸರಾದವನಲ್ಲ. ಆದರೂ ಪ್ರಜೆಗಳ ಕ್ಷಯ, ಕ್ಷಯದಿಂದ ಲೋಭ, ಲೋಭದಿಂದ ವಿರಾಗ, ಕೊನೆಗೆ ಒಡೆಯನ ಮೇಲೆಯೇ ಕೈ ಎಂಬ ಸರಪಣಿಯನ್ನು ಅವನು ಬಲ್ಲನು. ಆ ಸರಪಣಿಯ ಮೊದಲ ಕೊಂಡಿಯಲ್ಲಿ ಪ್ರಜೆಯ ಜಾತಿಯೂ ಇಲ್ಲ, ಭಾಷೆಯೂ ಇಲ್ಲ. ಇರುವುದು ಅವನ ಜೀವನೋಪಾಯದ ನಾಶವೊಂದೇ.

ಆ ನಾಶವು ಚಿನ್ನದ ಗಣಿಯಲ್ಲಿ ತಾರೀಖು ಹಾಕಿಕೊಂಡೇ ಬಂದಿತು. ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡಿತು. 1972ರಲ್ಲಿ ಅವು ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಗೆ ಸೇರಿದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಸಾವಿರಾರು ಸಂಸಾರಗಳ ಅನ್ನವು ಒಂದೇ ದಿನ ನಿಂತಿತು. ಬಾಕಿ ಹಣಕ್ಕಾಗಿ, ಲೈನು ಮನೆಯ ಹಕ್ಕಿಗಾಗಿ ಜನರು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆದರು. ಜಾಗತಿಕ ಟೆಂಡರಿಗೆ 2013ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆಯಿತ್ತರೂ ಶಾಫ್ಟುಗಳ ಬಾಯಿ ತೆರೆಯಲಿಲ್ಲ. ಕಳ್ಳನನ್ನೂ ಕಟ್ಟಿ ಕೆಲಸಕ್ಕೆ ಹಚ್ಚೆಂದನು ಕೌಟಿಲ್ಯ. ಈ ಕಾಲದ ಆಡಳಿತವು ಕೆಲಸಗಾರನ ಕೈಯಿಂದ ಕೆಲಸವನ್ನು ಕಿತ್ತುಕೊಂಡು, ಕಳವಿನ ದಾರಿಯೊಂದನ್ನು ಮಾತ್ರ ತೆರೆದಿಟ್ಟಿತು. 2020ರ ಮೇ ತಿಂಗಳಲ್ಲಿ, ರೋಗದ ಭಯದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಮಾರಿಕುಪ್ಪದ ಪಾಳುಬಿದ್ದ ಗಣಿಯೊಳಕ್ಕೆ ಕಳವಿಗೆಂದು ಇಳಿದವರಲ್ಲಿ ಮೂವರು ಉಸಿರುಕಟ್ಟಿ ಸತ್ತರು. ಮರುದಿನದ ಪತ್ರಿಕೆಗಳಿಗೆ ಅವರು ಕಳ್ಳರು, ಅಷ್ಟೆ.

ಇದು ಕೋಲಾರದ ಮಣ್ಣಿನ ದೋಷವಲ್ಲವೆಂಬುದಕ್ಕೆ ಸಮುದ್ರದಾಚೆಯ ಇನ್ನೊಂದು ಚಿನ್ನದ ನಾಡನ್ನು ನೋಡಿದರೆ ಸಾಕು. ದಕ್ಷಿಣ ಆಫ್ರಿಕದ ಸ್ಟಿಲ್‌ಫಾಂಟೀನಿನಲ್ಲಿ, ಕಂಪೆನಿಯು ಕೈಬಿಟ್ಟ ಗಣಿಯೊಳಕ್ಕೆ ಬಡವರು ಹೀಗೆಯೇ ಇಳಿದಿದ್ದರು. ಅವರನ್ನು ಮೇಲೆ ಬರಿಸುವುದಕ್ಕಾಗಿ 2024ರಲ್ಲಿ ಪೋಲೀಸರು ಅನ್ನನೀರು ಇಳಿಯುವ ದಾರಿಯನ್ನೇ ಕಟ್ಟಿದರು. 2025ರ ಜನವರಿಯಲ್ಲಿ 78 ಹೆಣಗಳನ್ನು ಮೇಲೆತ್ತಲಾಯಿತು. ಅಲ್ಲಿಯ ಜನರಲ್ಲಿ ಉತ್ತರ ಆರ್ಕಾಟಿನ ರಕ್ತವಿರಲಿಲ್ಲ.

ಅಷ್ಟು ದೂರವೇಕೆ? ಕೋಲಾರದ ಹತ್ತಿರದ ನರಸಾಪುರದಲ್ಲಿ, ಆಗ ವಿಸ್ಟ್ರಾನ್ ಕಂಪೆನಿಗೆ ಸೇರಿದ್ದ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಕೆಲಸಗಾರರು ಗಾಜುಗಳನ್ನು ಒಡೆದರು, ವಾಹನಗಳನ್ನು ಮಗುಚಿದರು. ಸುಮಾರು 7,000 ಮಂದಿಯ ಮೇಲೆ ಮೊಕದ್ದಮೆಯಾಯಿತು. ದುಷ್ಟರ ಪಿತೂರಿಯೆಂದು ದೊಡ್ಡವರು ಕೂಗಿದರು. ನಷ್ಟವು 437 ಕೋಟಿಯೆಂದು ದೂರಿನಲ್ಲಿ ಬರೆಯಿತು, ಕೆಲವೇ ದಿನಗಳಲ್ಲಿ ಕಂಪೆನಿಯ ಬಾಯಿಂದಲೇ ಆ ಅಂಕಿ ಬಹಳ ಕೆಳಕ್ಕೆ ಇಳಿಯಿತು. ವಿಚಾರಣೆಯಾದ ಮೇಲೆ ಬಯಲಾದುದೇನು? ಗುತ್ತಿಗೆಯ ಆಳುಗಳಿಗೆ ಸಂಬಳವು ಸರಿಯಾಗಿಯೂ ಹೊತ್ತಿಗೆ ಸರಿಯಾಗಿಯೂ ಮುಟ್ಟಿರಲಿಲ್ಲ. ಕಂಪೆನಿಯೇ ಒಪ್ಪಿಕೊಂಡು ಕ್ಷಮೆ ಬೇಡಿತು, ತನ್ನ ದೊಡ್ಡ ಅಧಿಕಾರಿಯೊಬ್ಬನನ್ನು ತೆಗೆದುಹಾಕಿತು. ಗಾಜು ಒಡೆದುದು ಧರ್ಮವೆಂದು ಯಾವ ಶಾಸ್ತ್ರವೂ ಹೇಳದು. ಆದರೆ ಗಾಜಿನ ಕಥೆಯನ್ನು ಕೂಲಿಯ ಕಥೆಯಿಂದ ಬೇರ್ಪಡಿಸಿ ಹೇಳುವುದು ಯಾವ ಧರ್ಮ?

‘ಬಡವರೆಲ್ಲರೂ ಕೊಲೆ ಮಾಡುವರೇನು?’ ಎಂದು ಆಕ್ಷೇಪಿಸುವವರುಂಟು. ಒಳ್ಳೆಯ ಪ್ರಶ್ನೆ, ಆದರೆ ಅದು ರಕ್ತವಾದಿಗಳ ಬುಡವನ್ನೇ ಕಡಿಯುತ್ತದೆ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪದಿಂದ, ಊರ್ಗಾಮಿನಿಂದ, ರಾಬರ್ಟ್‌ಸನ್ ಪೇಟೆಯಿಂದ ಸಾವಿರಾರು ಮಂದಿ ಹಿಡಿದುದು ಕತ್ತಿಯನ್ನಲ್ಲ, ರೈಲನ್ನು. ಬೆಳಕು ಹರಿಯುವ ಮುನ್ನವೇ ಗಾಡಿಯಲ್ಲಿ ನಿಂತು, ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯನ್ನು ಹಾದು ಬೆಂಗಳೂರನ್ನು ಸೇರಿ, ದುಡಿದು, ಕತ್ತಲೆಯಾದ ಮೇಲೆ ಮನೆಗೆ ಮರಳುವ ಈ ಜನರಿಗೆ ಯಾವ ರಕ್ತವೆಂದು ಹೇಳಬೇಕು? ಬೆಂಗಳೂರಿನ ಎಷ್ಟೋ ಮನೆಗಳ, ಅಂಗಡಿಗಳ ಕೆಲಸವು ಇವರಿಂದ ನಡೆಯುತ್ತದೆ. ದೊಡ್ಡ ನಗರವು ದುಡಿಮೆಯನ್ನು ತೆಗೆದುಕೊಳ್ಳುತ್ತದೆ, ದುಡಿಯುವವನಿಗೆ ತನ್ನೊಳಗೆ ಮನೆ ಕೊಡುವುದಿಲ್ಲ. ತಂದೆತಾಯಿಯರು ಮಲಗುವುದಕ್ಕೆ ಮಾತ್ರ ಮನೆಗೆ ಬಂದರೆ, ಮಗನನ್ನು ಬೆಳೆಸುವ ಕೆಲಸವು ಬೀದಿಗೂ ಬಡ್ಡಿಯವನಿಗೂ ಹೆಂಡದಂಗಡಿಗೂ ಬೀಳುತ್ತದೆ. ಅವನಲ್ಲೊಬ್ಬನು ದಾರಿ ತಪ್ಪಿ ರೌಡಿ ಪಟ್ಟಿಗೆ ಸೇರಿದ ದಿನ ಸಭ್ಯರಿಗೆ ಅವನ ಅಜ್ಜನ ಊರು ನೆನಪಾಗುತ್ತದೆ. ಅವನ ಅಪ್ಪನ ಗಣಿಯನ್ನು ಮುಚ್ಚಿದವರು ನೆನಪಾಗುವುದಿಲ್ಲ. ಕೊಂದವನಿಗೆ ದಂಡನೆಯಾಗಲಿ, ಅದಕ್ಕೆ ನ್ಯಾಯಸ್ಥಾನವಿದೆ. ಇಲ್ಲಿ ವಾದವಿರುವುದು ಮುಂದಿನವನ ವಿಷಯದಲ್ಲಿ.

ಕೋಲಾರ ಜಿಲ್ಲೆಗೆ ಒಬ್ಬ ಪೋಲೀಸು ಸೂಪರಿಂಟೆಂಡೆಂಟನಿದ್ದರೆ, ಚಿನ್ನದ ಗಣಿಗೆಂದು ಬೇರೊಬ್ಬನು. ಚಿನ್ನವನ್ನು ಕಾಯುವ ಕಾಲದ ಆ ಏರ್ಪಾಡು ಚಿನ್ನ ತೆಗೆಯುವುದು ನಿಂತ ಮೇಲೂ ಮುಂದುವರಿಯಿತು. ಗಣಿಯ ಆಸ್ಪತ್ರೆ ಮುಚ್ಚಿತು, ಸಂಬಳದ ಕಿಟಕಿ ಮುಚ್ಚಿತು, ಸಂಸ್ಥೆಗೆ ಸೇರಿದ ಸಾವಿರಾರು ಎಕರೆ ನೆಲವು ಸಯನೈಡ್ ದಿಬ್ಬಗಳನ್ನು ಹೊತ್ತು ಬೀಳುಬಿದ್ದಿತು. ಆ ನೆಲದ ಮೇಲೆ ಎಷ್ಟು ಕಾರ್ಖಾನೆಗಳೇಳುವುವು, ಅವುಗಳಲ್ಲಿ ಗುತ್ತಿಗೆದಾರನ ಮಧ್ಯಸ್ತಿಕೆಯಿಲ್ಲದೆ ತಿಂಗಳ ಮೊದಲಲ್ಲಿ ಸಂಬಳ ಸಿಕ್ಕುವುದು ಎಷ್ಟು ಮಂದಿಗೆ ಎಂದು ಅಪರಾಧದ ಬಗ್ಗೆ ಚಿಂತಿಸುವ ಮಹಾಶಯರು ಸರ್ಕಾರವನ್ನು ಕೇಳಲಿ.